ಗುಜರಿ ಉಕ್ಕಿನೊಳಗಿನ ತಾಮ್ರ

ಗರ್ಡರಿನ ಮೇಲೆ ಶಹಾಬಾದಿನ ಪರಸಿ ಹೊದಿಸಿದ ಕಲಬುರಗಿಯ ಹಳೇ ಮನೆ ಕೆಡವಿದರೆ ಪರಸಿಯೂ ಗರ್ಡರೂ ಇಡಿಯಾಗಿ ಸಿಗುತ್ತವೆ. ತುಕ್ಕು ಕೆರೆದು ಇನ್ನೊಂದು ಮನೆಗೆ ಏರಿಸಬಹುದು. ಕಾಂಕ್ರೀಟ್ ಮನೆ ಹಾಗಲ್ಲ. ಸ್ಲ್ಯಾಬ್ ಒಡೆದು ಎಳೆದ ಸರಳುಗಳು ಸೊಟ್ಟಗಾಗಿ ಬರುತ್ತವೆ. ಅವನ್ನೇ ಬಡಿದು ನೆಟ್ಟಗೆ ಮಾಡಿ ಸಜ್ಜಕ್ಕೆ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಕೆಂಪಗೆ ಕಾದಿದ್ದಾಗ ನೀರು ಚಿಮ್ಮಿಸಿ ಗಟ್ಟಿಗೊಳಿಸಿದ ಹೊರಪದರವೇ ಟಿಎಂಟಿ ಸರಳಿಗೆ ಬಲ ಕೊಡುವುದು. ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡುವಾಗ ಅಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಸೊಟ್ಟ ಸರಳು ಹೋಗಬೇಕಾದ್ದು ಕುಲುಮೆಗೆ.

ಇಂಥ ಗುಜರಿ ಕರಗಿಸುವ ಇಂಡಕ್ಷನ್ ಕುಲುಮೆಯಲ್ಲಿ ಬೆಂಕಿಯೇ ಇಲ್ಲ. ಶಾಖ ತಡೆಯುವ ಗೋಡೆಯ ಸುತ್ತ ತಾಮ್ರದ ಕೊಳವೆಯ ಸುರುಳಿ, ಕೊಳವೆಯೊಳಗೆ ತಣ್ಣೀರು. ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತಿನ ಕಾಂತಕ್ಷೇತ್ರ ಗುಜರಿಯೊಳಗೇ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಉಕ್ಕು ತನ್ನದೇ ಪ್ರತಿರೋಧದಿಂದ ಕಾದು, 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಹೀಗೆ ಒಂದು ಟನ್ ಗುಜರಿ ಮರುಬಳಕೆಯಾದರೆ 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು ಉಳಿಯುತ್ತದೆಂದು ವಿಶ್ವ ಉಕ್ಕು ಸಂಘದ ಲೆಕ್ಕ.

ಆದರೆ ಈ ಯಂತ್ರ ಕರಗಿಸುತ್ತದೆಯೇ ಹೊರತು ತೊಳೆಯುವುದಿಲ್ಲ. ಗಂಧಕ, ರಂಜಕ ಬಹುಪಾಲು ಹಾಗೆಯೇ ಉಳಿಯುತ್ತವೆ. ವಿದ್ಯುತ್ ಚಾಪದಿಂದ ಕರಗಿಸುವ ಆರ್ಕ್ ಕುಲುಮೆಯಲ್ಲಾದರೆ ಆಮ್ಲಜನಕ ಊದಿ, ಸುಣ್ಣ ಹಾಕಿ ರಂಜಕವನ್ನು ಕಿಟ್ಟಕ್ಕೆ ಎಳೆಯಬಹುದು. ಗುಜರಿಯೊಡನೆ ಸೇರಿ ಬಂದ ತಾಮ್ರ ಮಾತ್ರ ಎರಡರಲ್ಲೂ ಜಗ್ಗದು, ಏಕೆಂದರೆ ಆಮ್ಲಜನಕ ತಾಮ್ರಕ್ಕಿಂತ ಮೊದಲು ಕಬ್ಬಿಣವನ್ನೇ ಹಿಡಿಯುತ್ತದೆ. ಇದರ ಪರಿಣಾಮ ಕಾಣುವುದು ರೋಲಿಂಗ್ ಮಿಲ್ಲಿನಲ್ಲಿ. ಕಾದ ಉಕ್ಕಿನ ಮೈಮೇಲಿನ ಕಬ್ಬಿಣ ಆಕ್ಸೈಡ್ ಆಗಿ ಹೆಕ್ಕಳಿಕೆ ಏಳುತ್ತದೆ, ಹಿಂದುಳಿದ ತಾಮ್ರ ಅದರ ಕೆಳಗೆ ಒಟ್ಟಾಗುತ್ತದೆ. ತಾಮ್ರ 1,085 ಡಿಗ್ರಿಗೇ ದ್ರವ. ಅದು ಉಕ್ಕಿನ ಹರಳುಗಳ ಸಂದಿಗೆ ಇಳಿಯುತ್ತದೆ, ಒತ್ತಡ ಬಿದ್ದೊಡನೆ ಮೈ ಸೀಳುತ್ತದೆ.

ಹಾಗಾಗಿ ಶುದ್ಧಿಯ ಕೆಲಸ ಕುಲುಮೆಗಿಂತ ಮೊದಲೇ, ಕಲಬುರಗಿಯದಾಗಲಿ ಕಮಲಾಪುರದ್ದಾಗಲಿ, ಗುಜರಿ ಅಂಗಡಿಯ ಅಂಗಳದಲ್ಲೇ ನಡೆಯಬೇಕು. ಸುಟ್ಟ ಪಂಪ್‌ಸೆಟ್ ಮೋಟಾರು, ಫ್ಯಾನು, ಗೋಡೆಯೊಡನೆ ಕಿತ್ತು ಬಂದ ವೈರು ಇವನ್ನೆಲ್ಲ ಸರಳಿನ ರಾಶಿಯಿಂದ ಬೇರ್ಪಡಿಸುವ ಕೈಗಳು ಮಾಡುತ್ತಿರುವುದು ಲೋಹಶಾಸ್ತ್ರದ ಕೆಲಸ. ನಾವು ಆ ಕೈಗಳಿಗೆ ಕೊಡುವ ಗೌರವ ತೀರಾ ಕಡಿಮೆ. ಅವರ ಕಣ್ಣು ತಪ್ಪಿಸಿ ಬಂದದ್ದನ್ನು ತೆಳುವಾಗಿಸಲು, ತಾಮ್ರವಿಲ್ಲದ ಸ್ಪಾಂಜ್ ಐರನ್ ಬೆರೆಸಬೇಕಾಗುತ್ತದೆ. ಬಳ್ಳಾರಿ ಸೀಮೆಯಲ್ಲಿ ಅದನ್ನು ಅದಿರಿನಿಂದಲೇ ಮಾಡುತ್ತಾರೆ.

ಮನೆ ಕಟ್ಟಿಸುವವರು ದರದ ಜೊತೆಗೆ ಪರೀಕ್ಷಾ ಪ್ರಮಾಣಪತ್ರವನ್ನೂ ಕೇಳಲಿ. ಭಾರತೀಯ ಮಾನಕ ಐಎಸ್ 1786 ಪ್ರಕಾರ ಎಫ್‌ಇ 500 ದರ್ಜೆಯ ಸರಳಿನಲ್ಲಿ ಗಂಧಕ, ರಂಜಕ ತಲಾ ಶೇ. 0.055 ಮೀರಬಾರದು, 500ಡಿ ಆದರೆ ಶೇ. 0.040.