ವಜ್ರದ ಬಿರುಕು ಮುಚ್ಚಿಟ್ಟು ಮಾರಿದರೆ?

ಚಿನ್ನ ಕೊಳ್ಳುವಾಗ ನಾವು ಹಾಲ್‌ಮಾರ್ಕ್ ನೋಡುತ್ತೇವೆ, ತೂಕ ನೋಡುತ್ತೇವೆ. ವಜ್ರದ ಉಂಗುರ ಕಂಡರೆ ಮಾತ್ರ ಹೊಳಪಿಗೇ ಮರುಳಾಗಿಬಿಡ್ತೇವೆ. ಅಂಗಡಿಯ ದೀಪದಡಿ ಯಾವ ಕಲ್ಲು ತಾನೇ ಹೊಳೆಯದು?

ವಜ್ರದೊಳಗೆ ಚುಕ್ಕೆ, ಬಿರುಕು ಇರುವುದು ಸಹಜ. ಹಾಗಿದ್ದರೆ ಬೆಲೆ ಕಡಿಮೆ, ಅಷ್ಟೆ. ಮೋಸ ಇರುವುದು ಮುಚ್ಚಿಡುವುದರಲ್ಲಿ. 1980ರ ದಶಕದಲ್ಲಿ ಬಂದ ಒಂದು ವಿಧಾನದಲ್ಲಿ ಬಿರುಕಿನೊಳಗೆ ಗಾಜಿನಂಥ ವಸ್ತು ತುಂಬುತ್ತಾರೆ. ಬರಿಗಣ್ಣಿಗೆ ಬಿರುಕು ಮಾಯ! ಮುಂದೊಂದು ದಿನ ಉಂಗುರದ ಅಳತೆ ಬದಲಿಸಲು ಅಕ್ಕಸಾಲಿ ಬೆಂಕಿ ಹಿಡಿದರೆ ತುಂಬಿದ್ದು ಕೆಟ್ಟು ಬಿರುಕು ಬಯಲಾಗುತ್ತದೆ. ಆಗ "ನಿಮ್ಮ ಕೈಯಲ್ಲೇ ಒಡೆದದ್ದು" ಅಂದುಬಿಟ್ಟರೆ ಏನು ಮಾಡೋದು?

ಆದ್ದರಿಂದ ಕಲ್ಲನ್ನು ಉಂಗುರಕ್ಕೆ ಕೂರಿಸುವ ಮೊದಲೇ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡೋಣ. ತಿರುಗಿಸುವಾಗ ಒಳಗೆ ಕಿತ್ತಳೆ, ನೀಲಿ ಮಿಂಚು ಕಂಡರೆ ಅನುಮಾನ ಇರಲಿ. ಅಮೆರಿಕದ ಜಿಐಎ ಪ್ರಯೋಗಾಲಯ ಇಂಥ ಕಲ್ಲಿಗೆ ದರ್ಜೆಯನ್ನೇ ಕೊಡುವುದಿಲ್ಲ. ಬಿಲ್ಲಿನಲ್ಲಿ "ಬಿರುಕು ತುಂಬಿಲ್ಲ" ಅಂತ ಬರೆಸಿಕೊಳ್ಳೋಣ. ಅದು ಕೈಯಲ್ಲಿದ್ದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಬಲ ಬರುತ್ತದೆ.

ವ್ಯಾಪಾರ ಮಾಡಿ ಬದುಕಿದವರು ನಾವು. ಸರಕಿನ ಕುಂದು ಹೇಳಿ ಮಾರುವುದು ನಮಗೆ ಹೊಸ ಪಾಠವಲ್ಲ. ಕೇಳಿ ಕೊಳ್ಳುವುದನ್ನೂ ರೂಢಿ ಮಾಡಿಕೊಳ್ಳೋಣ.