ಮಾವನ ಬೋಟಿಗೊಂದು ಸ್ಟೀರಿಯೋ ಪ್ಯಾನೆಲ್

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬಲೆ ನೇಯುವುದು, ಪೇಂಟ್ ಹೊಡೆಯುವುದು, ಇಂಜಿನ್ ಬಿಚ್ಚುವುದು ಎಲ್ಲ ಈ ಎರಡು ತಿಂಗಳಲ್ಲೇ. ಹೋದ ವರ್ಷ ಅದೇ ಹೊತ್ತಿಗೆ ಮಾವ ಫೋನ್ ಮಾಡಿ, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಆ ಸ್ಟೀರಿಯೋವನ್ನೊಂದು ಸರಿಯಾಗಿ ಕೂರಿಸಿ ಕೊಡು ಮಾರಾಯ" ಅಂದರು.

ಹೋಗಿ ನೋಡಿದರೆ ವೀಲ್‌ಹೌಸಿನಲ್ಲಿ ಕಾರಿನ ಸ್ಟೀರಿಯೋ ಒಂದನ್ನು ನೈಲಾನ್ ಹಗ್ಗದಲ್ಲಿ ಕಟ್ಟಿ ನೇತುಹಾಕಿದ್ದರು. ವೈರುಗಳಿಗೆ ಬರೀ ಟೇಪು. ನಾನು ಚಂದ ಕಾಣುವ ಪ್ಯಾನೆಲ್ ಮಾಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಮಾವನ ಚಿಂತೆ ಬೇರೆಯೇ ಇತ್ತು. ಹಿಂದಿನ ಸೀಸನ್‌ನಲ್ಲಿ ಒಂದು ರಾತ್ರಿ ಇಂಜಿನ್ ಕೆಟ್ಟ ಬೋಟೊಂದು ವಿಎಚ್‌ಎಫ್ ರೇಡಿಯೋದಲ್ಲಿ ಕರೆದಿತ್ತಂತೆ. ಹಾಡಿನ ಗಲಾಟೆಯಲ್ಲಿ ಇವರಿಗೆ ಕೇಳಿಸಿದ್ದು ಮೂರನೇ ಕರೆಗೆ. ಹಾಗಾಗಿ ಪ್ಯಾನೆಲ್‌ನ ಮೊದಲ ಕೆಲಸ ಹಾಡನ್ನು ಥಟ್ಟನೆ ನಿಲ್ಲಿಸುವುದು ಅಂತ ತೀರ್ಮಾನವಾಯಿತು.

ಅಳತೆ ಮತ್ತು ಹಲಗೆ

ಸಿಂಗಲ್ ಡಿನ್ ಸ್ಟೀರಿಯೋಗೆ ಬೇಕಾದ ಕಿಂಡಿ 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರ. ಇದು ಎಲ್ಲ ಕಂಪನಿಗಳಿಗೂ ಒಂದೇ. ಮೊದಲು ರಟ್ಟಿನಲ್ಲಿ ಕತ್ತರಿಸಿ ಜಾಗದಲ್ಲೇ ಹಿಡಿದು ನೋಡಿ. ಹಿಂದುಗಡೆ ಪ್ಲಗ್ಗು, ವೈರುಗಳಿಗೂ ಜಾಗ ಬೇಕು ಎನ್ನುವುದು ಆಗಲೇ ಗೊತ್ತಾಗುವುದು.

ಸಾಮಾನ್ಯ ಪ್ಲೈವುಡ್ ನೀರು ಕುಡಿದು ಉಬ್ಬುತ್ತದೆ. ಎಚ್‌ಡಿಪಿಇ ಹಾಳೆ ಉಪ್ಪುನೀರಿಗೆ ಜಗ್ಗುವುದಿಲ್ಲ, ಆದರೆ ಅದಕ್ಕೆ ಅಂಟೂ ಹಿಡಿಯುವುದಿಲ್ಲ, ಪೇಂಟೂ ನಿಲ್ಲುವುದಿಲ್ಲ. ನಾವು ಲೇಸರ್‌ನಲ್ಲಿ ಕತ್ತರಿಸಲು ಸುಲಭ ಅಂತ 5 ಮಿ.ಮೀ. ಅಕ್ರಿಲಿಕ್ ತೆಗೆದುಕೊಂಡೆವು. ಪಿವಿಸಿ ಹಾಳೆಯನ್ನು ಮಾತ್ರ ಅಪ್ಪಿತಪ್ಪಿಯೂ ಲೇಸರ್‌ಗೆ ಹಾಕಬೇಡಿ. ಅದರಿಂದ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಶ್ವಾಸಕೋಶಕ್ಕೂ ಮೆಷಿನ್ನಿಗೂ ಕೇಡು.

ನನ್ನ ಮೊದಲ ಪ್ಯಾನೆಲ್ ಸ್ಕ್ರೂ ಬಿಗಿಯುವಾಗಲೇ ಬಿರುಕು ಬಿಟ್ಟಿತು. ಕಿಂಡಿಯ ಮೂಲೆಗಳನ್ನು ಚೂಪಾಗಿ ಕತ್ತರಿಸಿದ್ದೆ. ಸ್ಟ್ರೆಸ್ ಕಾನ್ಸಂಟ್ರೇಷನ್ ಬಗ್ಗೆ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ, ಕೈಯಲ್ಲಿ ಮಾಡುವಾಗ ಮರೆತೇಹೋಯಿತು! ಎರಡನೆಯದರಲ್ಲಿ ನಾಲ್ಕೂ ಮೂಲೆಗೆ 4 ಮಿ.ಮೀ. ದುಂಡು ತೂತು ಕೊಟ್ಟೆ. ಅಕ್ರಿಲಿಕ್ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ: 300 ಮಿ.ಮೀ. ಉದ್ದದ ಹಾಳೆ 30 ಡಿಗ್ರಿ ಏರಿಕೆಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು. ಅದಕ್ಕೇ ಸ್ಕ್ರೂ ತೂತು 1 ಮಿ.ಮೀ. ದೊಡ್ಡದಿರಲಿ, ಕೆಳಗೆ ವಾಷರ್ ಇರಲಿ. ಸ್ಕ್ರೂಗಳು 316 ಸ್ಟೇನ್‌ಲೆಸ್ ಸ್ಟೀಲ್. ಅಂಚಿಗೆ ಸುತ್ತ ನಿಯೋಪ್ರೀನ್ ಫೋಮ್ ಪಟ್ಟಿ.

ಕರೆಂಟು

ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕೆಲವು ಬೋಟುಗಳಲ್ಲಿ ಎರಡು ಬ್ಯಾಟರಿ ಸೀರೀಸ್‌ನಲ್ಲಿದ್ದು 24 ವೋಲ್ಟ್ ಇರುತ್ತದೆ. ಆಗ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದರೆ ಎರಡರ ಚಾರ್ಜೂ ಏರುಪೇರಾಗಿ ಬೇಗ ಹಾಳಾಗುತ್ತವೆ. ಡಿಸಿ ಕನ್ವರ್ಟರ್ ಹಾಕುವುದೇ ಸರಿ.

ವೈರಿನ ದಪ್ಪಕ್ಕೆ ಸಣ್ಣ ಲೆಕ್ಕ. ಬ್ಯಾಟರಿ 4 ಮೀಟರ್ ದೂರ ಇದ್ದರೆ ಹೋಗಿಬರಲು 8 ಮೀಟರ್ ವೈರು. 10 ಆಂಪಿಯರ್ ಹರಿದರೆ 2.5 ಚದರ ಮಿ.ಮೀ. ತಾಮ್ರದಲ್ಲಿ 0.55 ವೋಲ್ಟ್ ಕಳೆದುಹೋಗುತ್ತದೆ, 4 ಚದರ ಮಿ.ಮೀ.ನಲ್ಲಿ 0.34. ಎರಡನೆಯದನ್ನೇ ಹಾಕಿದೆವು, ಅದೂ ತವರ ಲೇಪಿಸಿದ್ದು. ಬರೀ ತಾಮ್ರ ಉಪ್ಪುಗಾಳಿಗೆ ಹಸಿರಾಗುತ್ತದೆ. ಫ್ಯೂಸನ್ನು ಸ್ಟೀರಿಯೋ ಹತ್ತಿರ ಅಲ್ಲ, ಬ್ಯಾಟರಿ ಹತ್ತಿರ ಇಡಬೇಕು. ಬ್ಯಾಟರಿಯಿಂದ 7 ಇಂಚಿನೊಳಗೆ ಅನ್ನುತ್ತದೆ ಅಮೆರಿಕದ ದೋಣಿ ಮಾನದಂಡ ಎಬಿವೈಸಿ. ವೈರು ಮಧ್ಯದಲ್ಲಿ ಎಲ್ಲಾದರೂ ಸವೆದು ಶಾರ್ಟ್ ಆದರೆ, ಫ್ಯೂಸ್ ಅದಕ್ಕಿಂತ ಮೊದಲೇ ಇದ್ದರೆ ಮಾತ್ರ ಬೆಂಕಿ ತಪ್ಪುವುದು.

ಇನ್ನೊಂದು: ವೈರು ಪ್ಯಾನೆಲ್ ಒಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೇರಲಿ. ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ದಿಕ್ಸೂಚಿ

ಜಿಪಿಎಸ್ ಇದ್ದರೂ ಬೋಟಿನಲ್ಲಿ ಅಯಸ್ಕಾಂತದ ದಿಕ್ಸೂಚಿ ಇದ್ದೇ ಇರುತ್ತದೆ. ಸ್ಪೀಕರ್ ಹಿಂದೆ ಇರುವುದೂ ಅಯಸ್ಕಾಂತವೇ. ಸ್ಪೀಕರನ್ನು ಒಂದಡಿ ಹತ್ತಿರ ತಂದಾಗ ಸೂಜಿ 5 ಡಿಗ್ರಿ ತಿರುಗಿತು. ಅಷ್ಟೇ ಅಲ್ವಾ ಅನ್ನಬೇಡಿ. 20 ನಾಟಿಕಲ್ ಮೈಲಿ ಹೋಗುವಷ್ಟರಲ್ಲಿ ಒಂದೂಮುಕ್ಕಾಲು ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ಸೂಜಿ ಅಲುಗಾಡುವುದು ಪೂರ್ತಿ ನಿಂತ ದೂರ ನೋಡಿ, ಅದರ ಎರಡು ಪಟ್ಟು ದೂರದಲ್ಲಿ ಹಿಂಗೋಡೆಗೆ ಸ್ಪೀಕರ್ ಹಾಕಿದೆವು. ಪ್ಲಸ್, ಮೈನಸ್ ವೈರುಗಳನ್ನು ಒಂದಕ್ಕೊಂದು ಹೊಸೆದೆವು. ಎದುರುಬದುರು ಹರಿಯುವ ಕರೆಂಟಿನ ಕಾಂತಕ್ಷೇತ್ರಗಳು ಬಹುಪಾಲು ಒಂದನ್ನೊಂದು ಅಳಿಸುತ್ತವೆ.

ಒಂದೇ ಸ್ವಿಚ್

ಕಾರ್ ಸ್ಟೀರಿಯೋಗೆ ಹಳದಿ ವೈರು ಮುಖ್ಯ ಕರೆಂಟು ಮತ್ತು ಮೆಮೊರಿಗೆ, ಕೆಂಪು ವೈರು ಆನ್ ಆಗು ಅಂತ ಹೇಳಲಿಕ್ಕೆ. ಕೆಂಪಿನಲ್ಲಿ ಹರಿಯುವ ಕರೆಂಟ್ ಅತಿ ಕಡಿಮೆ. ಅದನ್ನೊಂದು ದಪ್ಪ ಟಾಗಲ್ ಸ್ವಿಚ್ ಮೂಲಕ ಹಾಯಿಸಿ, ರಬ್ಬರ್ ಟೋಪಿ ಹಾಕಿ, ವಿಎಚ್‌ಎಫ್ ಕೆಳಗೇ ಕೂರಿಸಿದೆವು. ಒದ್ದೆ ಕೈಯಲ್ಲಿ, ಕತ್ತಲೆಯಲ್ಲಿ, ನೋಡದೆಯೇ ಒಂದು ತಟ್ಟು ತಟ್ಟಿದರೆ ಹಾಡು ಬಂದ್. ಹಳದಿ ಹಾಗೇ ಇರುವುದರಿಂದ ಸೆಟ್ಟಿಂಗ್ ಅಳಿಯುವುದಿಲ್ಲ. ಸ್ಪೀಕರ್ ಹಿಂದಕ್ಕೆ ಹೋದದ್ದರಿಂದ ರೇಡಿಯೋದ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್‌ನ ತುರ್ತು ಕರೆ, ಹಾಡಿನ ನಡುವೆಯೂ ಮೊದಲಿಗಿಂತ ಸ್ಪಷ್ಟ.

ಆಗಸ್ಟ್‌ನಲ್ಲಿ ಮೊದಲ ಟ್ರಿಪ್ ಮುಗಿಸಿ ಬಂದ ಮಾವ ಪ್ಯಾನೆಲ್ ಚಂದ ಉಂಟು ಅಂತೇನೂ ಹೇಳಲಿಲ್ಲ. "ಪಕ್ಕದ ಬೋಟಿನವರೂ ಒಂದು ಕೇಳ್ತಿದ್ದಾರೆ, ಯಾವಾಗ ಬರ್ತೀ?" ಅಂದರು. ಮುಂದಿನ ಜೂನ್‌ಗೆ ಮತ್ತೆ ಹೋಗ್ತಿದ್ದೇನೆ. ಜೊತೆಗೆ ಬರುವವರಿದ್ದರೆ ಕ್ಲಬ್ ರೂಮಿನಲ್ಲಿ ಸಿಗಿ. ರಟ್ಟು, ಕತ್ತರಿ ನನ್ನ ಹತ್ತಿರ ಉಂಟು.