ಜಠರದೊಳಗೊಂದು ಲೋಪಸಂಧಿ

ಎಸೊಫಾಗೊಗ್ಯಾಸ್ಟ್ರೊಡ್ಯುಯೊಡಿನಾಸ್ಕಪಿ! ಒಂದೇ ಉಸಿರಿಗೆ ಹೇಳಹೋದರೆ ನಾಲಿಗೆ ತೊಡರುತ್ತದೆ. ಆದರೆ ಭಾಗಗಳನ್ನು ಬೆಸೆದಿರುವ 'ಒ'ಕಾರ ಸಿಕ್ಕಲ್ಲೆಲ್ಲ ನಿಂತು ನೋಡಿ: ಎಸೊಫಾಗೊ, ಗ್ಯಾಸ್ಟ್ರೊ, ಡ್ಯುಯೊಡಿನೊ, ಸ್ಕೊಪಿ. ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ತುಂಡು, ನೋಡುವುದು. ಎಂಡೊಸ್ಕೋಪಿಯ ಕೊಳವೆ ಬಾಯಿಂದ ಇಳಿಯುವ ಹಾದಿಯೇ, ಅದೇ ಕ್ರಮದಲ್ಲಿ, ಪದವಾಗಿ ಚಾಚಿಕೊಂಡಿದೆ!

ಇವುಗಳಲ್ಲಿ ಡ್ಯುಯೊಡಿನಮ್ ಮಾತ್ರ ಲ್ಯಾಟಿನ್, ಮಿಕ್ಕವು ಗ್ರೀಕ್. ಅದರ ಬೆನ್ನಿಗೂ ಗ್ರೀಕ್ ವೈದ್ಯನೊಬ್ಬನಿದ್ದಾನೆ. ಕ್ರಿ.ಪೂ. 300ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯದ ಹೆರೊಫಿಲಸ್ ಆ ತುಂಡು ಕರುಳನ್ನು 'ಹನ್ನೆರಡು ಬೆರಳು' ಎಂದು ಕರೆದ. ಉದ್ದ ಅಷ್ಟೇ ಬೆರಳಗಲ. ಲ್ಯಾಟಿನ್ ಬೆರಳುಗಳನ್ನು ಕೈಬಿಟ್ಟು ಹನ್ನೆರಡನ್ನು ಉಳಿಸಿಕೊಂಡಿತು. ಇಂದಿಗೂ ಸ್ಕ್ಯಾನ್ ವರದಿಗಳಲ್ಲಿ ಆ ಹನ್ನೆರಡು ಓಡಾಡುತ್ತಿದೆ!

ಇನ್ನು ಆ 'ಒ'. ಅದಕ್ಕೆ ಅರ್ಥವೇ ಇಲ್ಲ, ಬರೀ ಬೆಸುಗೆ. ಮುಂದೆ ಸ್ವರದಿಂದ ಶುರುವಾಗುವ ಪ್ರತ್ಯಯ ಬಂತೋ, ಮಾಯ: ಗ್ಯಾಸ್ಟ್ರೊ, ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್. ಊರು, ಅಲ್ಲಿ ಸೇರಿ ಊರಲ್ಲಿ ಆದಂತೆ, ನಾವು ಶಾಲೆಯಲ್ಲಿ ಉರುಹೊಡೆದ ಲೋಪಸಂಧಿಯೇ! ಮುಂದಿನದು ಪ್ರತ್ಯಯವಲ್ಲದೆ ಇನ್ನೊಂದು ಅಂಗದ ಹೆಸರಾದರೆ 'ಒ' ಕದಲುವುದಿಲ್ಲ. ಗ್ಯಾಸ್ಟ್ರೊಎಂಟರೈಟಿಸ್‌ನಲ್ಲಿ ಜಠರಕ್ಕೂ ಕರುಳಿಗೂ ನಡುವೆ ಗಟ್ಟಿಯಾಗಿ ಕೂತಿದೆ.

ಪದದ ಬಾಲದಲ್ಲಂತೂ ಒಂದೆರಡು ಧ್ವನಿ ಬದಲಾದರೆ ರೋಗಿಯ ಪಾಡೇ ಬದಲಾಗುತ್ತದೆ. ಗ್ಯಾಸ್ಟ್ರಾಟಮಿ ಎಂದರೆ ಜಠರವನ್ನು ಕೊಯ್ದು ತೆರೆಯುವುದು. ಗ್ಯಾಸ್ಟ್ರಾಸ್ಟಮಿ ಎಂದರೆ ಅದಕ್ಕೊಂದು ಹೊಸ ಬಾಯಿ ಮಾಡುವುದು. ನುಂಗಲಾಗದವರಿಗೆ ಅಲ್ಲಿಂದಲೇ ಆಹಾರ. ಗ್ಯಾಸ್ಟ್ರೆಕ್ಟಮಿ ಎಂದರೆ ಜಠರವನ್ನು ಭಾಗಶಃ ಅಥವಾ ಪೂರ್ತಿ ತೆಗೆಯುವುದು. 1881ರಲ್ಲಿ ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋತ್ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ತೆಗೆದಾಗ, ರೋಗಿ ಶಸ್ತ್ರಚಿಕಿತ್ಸೆಯನ್ನು ದಾಟಿ ಬದುಕುಳಿದದ್ದು ಇದರಲ್ಲೇ.

ಉಚ್ಚಾರಣೆಯ ಗುಟ್ಟು ಇನ್ನೂ ಸೊಗಸು. ಇಂಗ್ಲಿಷಿನಲ್ಲಿ ಕಾರ್ಡಿಆಲಜಿ, ಗ್ಯಾಸ್ಟ್ರಾಟಮಿ, ಎನ್‌ಸೆಫಲಾಗ್ರಫಿ ಎನ್ನುವಾಗ ಒತ್ತು ಬೀಳುವುದು ಎಲ್ಲಿ? ಅದೇ ಅರ್ಥವಿಲ್ಲದ 'ಒ' ಮೇಲೆ! ಅಲ್ಲಿ ಅದು 'ಆ' ಆಗಿ ಬಾಯಿ ತೆರೆದು, ಇಡೀ ಪದದ ಭಾರ ಹೊರುತ್ತದೆ. ಅಲ್ಲಿ ಒತ್ತಿ ಹೇಳಿದರೆ ಮಿಕ್ಕದ್ದು ತಾನಾಗಿ ಉರುಳುತ್ತದೆ.

ಹಾಗಾದರೆ, ಇದೇ 'ಒ' ಬೆಸೆದಿರುವ ಹೆಲಿಕಾಪ್ಟರ್ ಪದವನ್ನು ಒಡೆಯುವುದೆಲ್ಲಿ? 'ಹೆಲಿ' ಆದ ಮೇಲಲ್ಲ, 'ಹೆಲಿಕೊ' ಆದ ಮೇಲೆ! ಸುರುಳಿ ಮತ್ತು 'ಪ್ಟೆರಾನ್', ರೆಕ್ಕೆ. ಕಣ್ಣಿನ ಬಿಳಿ ಭಾಗದಿಂದ ಕಪ್ಪಿನತ್ತ ರೆಕ್ಕೆಯಂತೆ ಬೆಳೆಯುವ ಪೊರೆಯ ಹೆಸರು, ಟೆರಿಜಿಯಮ್, ಅದೇ ಬೇರಿನದು. ಅಲ್ಲಿ ಮೊದಲಕ್ಷರವಾಗಿ ಬರೆದೂ ಉಚ್ಚರಿಸದ 'ಪ', ಹೆಲಿಕಾಪ್ಟರಿನ ನಡುವೆ ನಿಚ್ಚಳವಾಗಿ ಕೇಳುತ್ತದೆ!